ಎಡಗಡೆಯ ಕುರ್ಚಿ

ಸಾನಪಾಡಾ

ಕನ್ನಡ ಸಂಘದ ಕಾರ್ಯದರ್ಶಿ ಶಂಭು ಶೆಟ್ಟರಿಗೆ ವನಮಾಲಾಳ ನಮಸ್ಕಾರ.

ಡೊಂಬಿವ್ಲಿಯ ಯಕ್ಷಗಾನದಲ್ಲಿ ಈ ಸಲ ಕಣ್ಣು ಕಾಣದವರಿಗೆ ಇಯರ್‌ಫೋನಿನಲ್ಲಿ ರಂಗದ ವಿವರಣೆ ಕೊಡುತ್ತೀರೆಂದು ಪಕ್ಕದ ಮನೆಯ ಶ್ರೀವಾಣಿ ಪೇಪರ್ ಓದಿ ಹೇಳಿದಳು. ಸಂತೋಷ. ಈ ಪತ್ರವನ್ನೂ ಅವಳೇ ಬರೆದುಕೊಡುತ್ತಿದ್ದಾಳೆ.

ಮೊದಲೆಲ್ಲ ನಮ್ಮ ಯಜಮಾನರೇ ಪಕ್ಕದಲ್ಲಿ ಕುಳಿತು ವೇಷ, ಬಣ್ಣ, ಕುಣಿತ ಎಲ್ಲವನ್ನೂ ನನ್ನ ಎಡಗಿವಿಯಲ್ಲಿ ಪಿಸುಗುಟ್ಟುತ್ತಿದ್ದರು. “ಮಾತಾಡ್ಲಿಕ್ಕಿದ್ರೆ ಹೊರಗೆ ಹೋಗಿ ಮಾರಾಯ್ರೆ, ಬೇರೆಯವರಿಗೆ ತೊಂದರೆ ಆಗ್ತದೆ” ಎಂದು ನೀವೇ ಬಂದು ಹೇಳಿದ ಮೇಲೆ ನಾವು ಬರುವುದನ್ನೇ ಬಿಟ್ಟೆವು. ಕಳೆದ ಚೌತಿಗೆ ಮೊದಲು ಅವರು ತೀರಿಕೊಂಡರು.

ನಾನು ಬರುತ್ತೇನೆ. ಇಯರ್‌ಫೋನು ಬಲಗಿವಿಗೆ ಮಾತ್ರ ಸಾಕು. ಎಡಗಡೆಯ ಕುರ್ಚಿಯನ್ನು ದಯವಿಟ್ಟು ಖಾಲಿ ಇಡಿಸಿ. ಅಲ್ಲಿಂದ ಇನ್ನು ಯಾರಿಗೂ ತೊಂದರೆ ಆಗುವುದಿಲ್ಲ.

ಇತಿ,
ವನಮಾಲಾ ಪುಂಡರೀಕಾಕ್ಷ ರಾವ್