ಒಂಟಿ ಬಿಚ್ಚಿಟ್ಟು ಓಡಿದ ಸಂಜೆ

ಹಿನ್ನೀರೂರು,
ಹೊಸ ಲೆಕ್ಕದ ಇನ್ನೂರ ಏಳನೇ ವರ್ಷ, ಅಧಿಕ ಬೇಸಿಗೆಯ ನಲವತ್ತೊಂದನೇ ದಿನ.

ಪೂಜ್ಯ ವಿಶಾಲಾಕ್ಷಿ ಅಜ್ಜಿಯವರಿಗೆ, ನಿಮ್ಮ ಮರಿಮಗನ ಮರಿಮಗಳು ಚಂಪವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮಲ್ಲಿ ಅಧಿಕ ಮಾಸ ಇದ್ದಂತೆ ನಮ್ಮಲ್ಲಿ ಅಧಿಕ ಬೇಸಿಗೆ ಇದೆ. ಬೇಸಿಗೆ ಉದ್ದವಾಗುತ್ತ ಹೋಗಿ ಒಂದೇ ಹೆಸರಿಗೆ ದಕ್ಕದಾದಾಗ ಹಿರಿಯರು ಅದನ್ನು ಎರಡು ಮಾಡಿದರಂತೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸವು. ಇನ್ನು ಕೆಲವು ಹಳೆಯವೇ, ಆದರೆ ಅರ್ಥ ಬೇರೆ. ಎರಡಕ್ಕೂ ಕ್ಷಮೆ ಇರಲಿ. ನಿಮಗೀಗ ನಲವತ್ತು ದಾಟಿರಬೇಕು, ನನಗೆ ಅರವತ್ತು ಹತ್ತಿರ. ನನಗಿಂತ ಚಿಕ್ಕವರನ್ನು ಅಜ್ಜಿ ಎನ್ನಲು ನಾಲಿಗೆ ತಡವರಿಸುತ್ತದೆ, ಆದರೆ ಸಂಬಂಧ ಸಂಬಂಧವೇ.

ನಮ್ಮ ಮನೆಯಲ್ಲಿ ನಿಮ್ಮ ಚಿತ್ರವಿಲ್ಲ, ಒಡವೆಯೂ ಇಲ್ಲ. ಉಳಿದಿರುವುದು ಒಂದು ಮಾತು. ಊಟಕ್ಕೆ ಯಾರಾದರೂ ತಡವಾಗಿ ಬಂದರೆ ‘ಗೇಟ್ ತಗೀರಿ, ಓಡೂ ಅಜ್ಜಿ ಬಂದ್ಲು’ ಎಂದು ರೇಗಿಸುತ್ತೇವೆ. ಗೇಟು ಎಂದರೆ ಏನೆಂದು ಈಗಿನ ಮಕ್ಕಳಿಗೆ ಗೊತ್ತಿಲ್ಲ, ಆದರೂ ಹೇಳುತ್ತಾರೆ. ನನ್ನ ಅವ್ವ ಹೇಳಿದ್ದು ಇಷ್ಟು: ನೀವು ಮೊದಲ ಸಲ ಈಜಿ, ಸೈಕಲ್ ತುಳಿದು, ಕೊನೆಗೆ ಓಡಿ ಮುಗಿಸಬೇಕಾದ ದೊಡ್ಡ ಪಂದ್ಯಕ್ಕೆ ಹೋದಿರಿ. ಎಲ್ಲರಿಗಿಂತ ಕೊನೆಗೆ ಬಂದಿರಿ. ಅಷ್ಟರಲ್ಲಿ ಮೈದಾನದ ಗೇಟಿಗೆ ಬೀಗ ಬಿದ್ದಿತ್ತು. ಬಡಿದು ತೆಗೆಸಿ ಒಳಗೆ ಹೋದಿರಿ. ಮುಂಚೆಯೇ ಹೇಳಿಬಿಟ್ಟೆನೆಂದು ಬೇಜಾರಾಗಬೇಡಿ. ಓಟ ಮುಗಿಸುತ್ತೀರಿ ಎಂದೂ ಹೇಳಿದಂತಾಯಿತಲ್ಲ.

ಆ ಪಂದ್ಯ ನಮ್ಮಲ್ಲಿ ಇನ್ನೂ ಇದೆ. ಮುಪ್ಪಾಳಿ ಎನ್ನುತ್ತೇವೆ, ಮೂರು ಪಾಳಿಯ ಪಂದ್ಯ. ಮೊದಲು ನೀರಪಾಳಿ, ಆಮೇಲೆ ಗಾಲಿಪಾಳಿ, ಕಡೆಗೆ ಕಾಲಪಾಳಿ. ನೀರಿಗೆ ಕೊರತೆಯಿಲ್ಲ, ಕೃಷ್ಣೆಯ ಹಿನ್ನೀರು ಹಿಗ್ಗಿ ಅರ್ಧ ಊರು ದೋಣಿಯ ಮೇಲೆಯೇ ಇದೆ. ಗಾಲಿಪಾಳಿ ನಡೆಯುವುದು ನೆರಳುಬೀದಿಗಳಲ್ಲಿ. ಹಗಲು ಬಯಲಿಗೆ ತಲೆ ಹಾಕುವಂತಿಲ್ಲವಾದ್ದರಿಂದ ಎಲ್ಲ ಬೀದಿಗಳಿಗೂ ಚಾವಣಿ ಇದೆ, ಆ ಚಾವಣಿಯೇ ಬಿಸಿಲು ಹಿಡಿದು ಊರಿಗೆ ದೀಪ ಕೊಡುತ್ತದೆ. ಕಾಲಪಾಳಿಗೆ ಮಾತ್ರ ಬಿಸಿಲು ಇಳಿದ ಮೇಲೆ ಹಳೆಯ ಅಣೆಕಟ್ಟಿನ ಒಡ್ಡಿನ ಮೇಲೆ, ತೆರೆದ ಆಕಾಶದ ಕೆಳಗೆ ಓಡಬೇಕು. ಜೋಳದ ರೊಟ್ಟಿ ಇನ್ನೂ ಇದೆ, ಹೆದರಬೇಡಿ. ಸೊಳ್ಳೆಗಳೂ ಇವೆ.

ಈಗ ಒಂಟಿಯ ವಿಷಯ. ನಿಮ್ಮ ಕಾಲಕ್ಕೆ ಒಂಟಿ ಎಂದರೆ ಗಂಡಸರ ಕಿವಿಯ ಆಭರಣ, ಯಾರೂ ಜೊತೆಗಿಲ್ಲದವರಿಗೂ ಅದೇ ಪದ ಎಂದು ಹಳೆಯ ನಿಘಂಟು ಹೇಳುತ್ತದೆ. ನಮ್ಮಲ್ಲಿ ಮೊದಲನೆಯದು ಬದಲಾಗಿ ಉಳಿದಿದೆ, ಎರಡನೆಯದು ಅಳಿದು ಹೋಗಿದೆ. ಒಂಟಿ ಎಂದರೆ ಕಿವಿಯಲ್ಲಿ ಕೂತು ಮಾತಾಡುವ ಒಂದು ಹರಳು. ತೀರಿಹೋದವರ ದನಿಯನ್ನು ಕಲಿತು, ಅವರಂತೆಯೇ ದಿನವಿಡೀ ಜೊತೆಗಿರುತ್ತದೆ. ‘ಆಕೆಗೆ ಒಂಟಿ ಇದೆ’ ಎಂದರೆ ಆಕೆಗೆ ಜೊತೆ ಇದೆ ಎಂದರ್ಥ. ನಗಬೇಡಿ ಅಜ್ಜಿ, ನಾನು ಓಟ ಮುಗಿಸುವವರೆಗೂ ಇದರಲ್ಲಿ ನಗುವಂಥದ್ದು ನನಗೂ ಕಂಡಿರಲಿಲ್ಲ.

ನನ್ನ ಒಂಟಿಯಲ್ಲಿದ್ದವನು ನನ್ನ ಗಂಡ ಹೊಳೆಬಸು. ದೋಣಿ ರಿಪೇರಿ ಮಾಡುತ್ತಿದ್ದ. ಮಹಾ ಸಿಡುಕ. ಸಾರಿಗೆ ಉಪ್ಪು ಹೆಚ್ಚಾದರೂ ಬೈಯುತ್ತಿದ್ದ, ಕಡಿಮೆಯಾದರೂ ಬೈಯುತ್ತಿದ್ದ, ಸರಿಯಾಗಿದ್ದರೆ ಸುಮ್ಮನೆ ಉಣ್ಣುತ್ತಿದ್ದ. ಆ ಸುಮ್ಮನಿರುವುದೇ ಹೊಗಳಿಕೆ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಆತ ಹೋದ ಮೇಲೆ ಒಂಟಿ ಹಾಕಿಕೊಂಡೆ. ದನಿ ಅವನದೇ, ಕೆಮ್ಮು ಕೂಡ ಅವನದೇ. ಆದರೆ ಒಂಟಿಯನ್ನು ಮಾಡಿರುವುದು ಅಳುವವರನ್ನು ಸಮಾಧಾನ ಮಾಡಲಿಕ್ಕೆ. ಅದಕ್ಕೆ ಬೈಯಲು ಬರುವುದಿಲ್ಲ. ಹಾಗಲಕಾಯಿಯನ್ನು ಉಪ್ಪು ಹಚ್ಚಿ ಹಿಂಡಿ ಕಹಿ ತೆಗೆದಂತೆ ಅವನನ್ನೂ ಹಿಂಡಿಟ್ಟಿದ್ದರು. ನನಗೂ ಅದು ಹಿತವಾಗಿಯೇ ಇತ್ತು. ಸುಳ್ಳೇಕೆ ಹೇಳಲಿ?

ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತು. ‘ಇರಲಿ ಬಿಡು, ರುಚಿಯಾಗೇ ಇದೆ’ ಎಂದಿತು ಒಂಟಿ. ನಿಜವಾದ ಹೊಳೆಬಸು ಏನೆನ್ನುತ್ತಿದ್ದ ಎಂದು ನೆನಪಿಸಿಕೊಳ್ಳಲು ಹೋದೆ. ಬರಲಿಲ್ಲ. ಬೈದದ್ದು ಗೊತ್ತು, ಬೈಗುಳವೇ ನೆನಪಿಲ್ಲ. ಎಷ್ಟು ಕೆದಕಿದರೂ ಒಂಟಿಯ ಸಿಹಿ ಮಾತೇ ಮೇಲೆ ಬಂತು. ಅವನನ್ನು ಎರಡನೇ ಸಲ ಕಳೆದುಕೊಂಡೆ ಎನಿಸಿ, ಊಟ ಬಿಟ್ಟು ಅತ್ತೆ. ‘ಅಳಬೇಡ’ ಎಂದು ಅದೇ ಸಮಾಧಾನ ಮಾಡಿತು.

ನಾನು ಮುಪ್ಪಾಳಿಗೆ ಹೆಸರು ಕೊಟ್ಟದ್ದು ಅದಕ್ಕೇ. ನಿಮ್ಮ ಕಾಲದಿಂದ ಬಂದ ಒಂದು ನಿಯಮ ಅದರಲ್ಲಿ ಇನ್ನೂ ಉಳಿದಿದೆ: ಕಾಲಪಾಳಿಯಲ್ಲಿ ಕಿವಿಗೆ ಏನೂ ಇರಕೂಡದು. ಮನೆಯಲ್ಲೇ ತೆಗೆದಿಡಬಹುದಿತ್ತಲ್ಲ ಎನ್ನುತ್ತೀರಿ. ನೋಡಿದ್ದೆ, ಪಾತ್ರೆ ತೊಳೆಯುವಷ್ಟರಲ್ಲಿ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಇಲ್ಲಿ ಒಂಟಿ ಬೇರೆಯವರ ಕೈಯಲ್ಲಿ. ಓಡಿ ಮುಗಿಸಿದರೆ ಸಿಗುತ್ತದೆ, ಇಲ್ಲವೇ ‘ಸಾಕು’ ಎಂದು ಬಿಟ್ಟುಕೊಟ್ಟರೆ ಕೂಡಲೇ ಸಿಗುತ್ತದೆ. ಅಷ್ಟರೊಳಗೆ ನನ್ನ ಗಂಡನ ಒಂದಾದರೂ ಸ್ವಂತ ಮಾತು ಸಿಗದಿದ್ದರೆ ಅವನು ಹೋದ ಹಾಗೆಯೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಈಜಿದ್ದು, ಸೈಕಲ್ ತುಳಿದದ್ದು ಹೇಳಿಕೊಳ್ಳುವಂಥದ್ದಲ್ಲ. ಒಡ್ಡು ಹತ್ತುವಲ್ಲಿ ಒಂಟಿ ಬಿಚ್ಚಿ ಕೊಟ್ಟೆ. ಕಿವಿ ಬೋಳಾಯಿತು. ನನ್ನ ಉಸಿರು ನನಗೇ ಕೇಳಿಸಿತು, ಗಾಣದೆತ್ತಿನ ಉಸಿರು. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಊರಿನ ಚಾವಣಿಗಳು, ನಡುವೆ ನಾನು. ಉಳಿದವರೆಲ್ಲ ಮುಂದೆ ಹೋಗಿಬಿಟ್ಟಿದ್ದರು. ಮೊಣಕಾಲು ನೋಯುತ್ತಿತ್ತು, ತೊಡೆ ಕಲ್ಲಾಗಿತ್ತು, ಆದರೆ ಅಂಜಿಕೆಯಾದದ್ದು ಅದಕ್ಕಲ್ಲ. ತಲೆಯೊಳಗೆ ಯಾರೂ ಇರಲಿಲ್ಲ. ‘ಹೊಳೆಬಸು’ ಎಂದು ಕರೆದೆ. ಅಳು ಬಂತು, ಓಡುತ್ತಲೇ ಅತ್ತೆ.

ಒಡ್ಡಿನ ಅರ್ಧದಲ್ಲಿ ನೀರು ಕೊಡುವ ಕಟ್ಟೆ. ಅಲ್ಲೊಬ್ಬ ಹೆಣ್ಣುಮಗಳು ಗಾಡಿ ಇಟ್ಟುಕೊಂಡು ಕೂತಿದ್ದಳು, ಬಿಟ್ಟುಕೊಟ್ಟವರನ್ನು ಒಂಟಿಯಿದ್ದಲ್ಲಿಗೆ ಒಯ್ಯುವ ಗಾಡಿ. ಕಲ್ಲಿನ ಮೇಲೆ ಕುಸಿದೆ. ಒಂದು ಲೋಟ ಕುಡಿದೆ. ಮತ್ತೊಂದು ಕೊಟ್ಟಳು, ಅದನ್ನೂ ಕುಡಿದೆ. ಬಾಯಾರಿಕೆ ಆಗಲೇ ತೀರಿತ್ತು. ಎದ್ದು ಓಡುವುದನ್ನು ಮುಂದೂಡುತ್ತ ಕುಡಿಯುತ್ತಿದ್ದೆ. ‘ಸಾಕ್ ಮಾಡ್ತೀರೇನ್ರೀ ಯವ್ವಾ? ಗಾಡಿ ಹೊಂಡಸಲ್ಯಾ?’ ಎಂದು ಕೇಳಿದಳು. ಹೂಂ ಎನ್ನಲು ಬಾಯಿ ತೆರೆದೆ.

ಆಗ ಬಂತು ನೋಡಿ ಅಜ್ಜಿ, ಒಂದು ಮಾತು, ಕಿವಿಯಿಂದಲ್ಲ, ಹೊಟ್ಟೆಯೊಳಗಿನಿಂದ.

‘ನೀರ ಕುಡದದ್ದ ಸಾಕ, ಏಳ. ನಿಂತರ ಟೊಂಕದ ಮಟಾನ ಅದ.’

ಮದುವೆಯಾದ ಹೊಸದರಲ್ಲಿ, ಅವನು ಅರ್ಧ ದುರಸ್ತಿ ಮಾಡಿದ್ದ ದೋಣಿಯಿಂದ ನಾನು ಹಿನ್ನೀರಿಗೆ ಬಿದ್ದಿದ್ದೆ. ಮುಳುಗಿದೆ, ಸತ್ತೆ ಎಂದು ಕೂಗುತ್ತ ಕೈಕಾಲು ಬಡಿಯುತ್ತಿದ್ದೆ. ಆತ ದಂಡೆಯಲ್ಲಿ ನಿಂತು, ಕೈ ಕೂಡ ಚಾಚದೆ, ಅಂದದ್ದು ಈ ಮಾತು. ಎದ್ದು ನಿಂತೆ. ನೀರು ನಿಜವಾಗಿಯೂ ಸೊಂಟದ ಮಟ್ಟಕ್ಕೇ ಇತ್ತು. ಆ ದಿನ ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ಯಾವ ಒಂಟಿಗೂ ಈ ಮಾತು ಗೊತ್ತಿಲ್ಲ, ಅಲ್ಲಿದ್ದವರು ನಾವಿಬ್ಬರೇ.

ಕಲ್ಲಿನ ಮೇಲೆ ಕೂತು ಹುಚ್ಚಿಯಂತೆ ನಕ್ಕೆ. ಗಾಡಿಯವಳು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಎದ್ದೆ. ಓಡಿದೆ ಎನ್ನಲಾರೆ, ಕುಂಟಿದೆ. ಮುಗಿಯುವಲ್ಲಿ ಜನರೆಲ್ಲ ಹೋಗಿಯಾಗಿತ್ತು. ಒಬ್ಬ ಮುದುಕ ಹಗ್ಗ ಸುತ್ತುತ್ತಿದ್ದ. ‘ಗೇಟ್ ತಗೀರಿ’ ಎಂದೆ. ‘ಯಾವ ಗೇಟ್ ಯವ್ವಾ?’ ಎಂದು ಸುತ್ತಲೂ ನೋಡಿ, ನನ್ನ ಒಂಟಿಯನ್ನು ಬಟ್ಟಲಲ್ಲಿ ತಂದುಕೊಟ್ಟ. ಹಾಕಿಕೊಂಡೆ. ‘ಭೇಷ್ ಚಂಪಾ! ನೀನು ಮುಗಿಸ್ತೀಯ ಅಂತ ನನಗೆ ಮೊದಲೇ ಗೊತ್ತಿತ್ತು’ ಎಂದಿತು. ಹೊಳೆಬಸು ಜನ್ಮದಲ್ಲಿ ನನಗೆ ಭೇಷ್ ಎಂದವನಲ್ಲ. ಅಲ್ಲೇ ಬಿಚ್ಚಿದೆ.

ಈಗ ಅದು ರೊಟ್ಟಿಯ ಡಬ್ಬಿಯ ಹಿಂದೆ ಇದೆ. ಮನೆಯಲ್ಲಿ ಸದ್ದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೇಳುವವರಿಲ್ಲ, ಸರಿಯಾದರೂ ಹೇಳುವವರಿಲ್ಲ. ಅವನ ಬೈಗುಳ ಕೆಲವು ದಿನ ನೆನಪಾಗುತ್ತದೆ, ಕೆಲವು ದಿನ ಎಷ್ಟು ಕಾದರೂ ಇಲ್ಲ. ನಾನು ಒಂಟಿಯಾಗಿದ್ದೇನೆ ಅಜ್ಜಿ. ಈ ಮಾತನ್ನು ನಿಮ್ಮ ಅರ್ಥದಲ್ಲೇ ಬರೆದಿದ್ದೇನೆ. ಊರಿನಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ, ಅದಕ್ಕೇ ನಿಮಗೆ ಬರೆದೆ. ಟಪಾಲು ಹಿಂದಕ್ಕೆ ಹೋಗುವುದಿಲ್ಲವೆಂದು ಗೊತ್ತಿದೆ.

ಒಂದು ವೇಳೆ ತಲುಪಿದರೆ, ನೀವೀಗ ಸೈಕಲ್ ಇಳಿದು ಬೂಟಿನ ಲೇಸು ಕಟ್ಟುತ್ತಿರಬಹುದು. ಒಂದೇ ಕೋರಿಕೆ. ದಾರಿಯ ಬದಿಗೆ ನಿಮ್ಮವರು ಯಾರಾದರೂ ನಿಂತು ‘ಯಾರ್ ಹೇಳಿದ್ರ ನಿನಗ ಇದೆಲ್ಲಾ ಮಾಡಂತ? ಬಾ ಮನಿಗೆ’ ಎಂದು ಬೈದರೆ ಸಿಟ್ಟಾಗಿ ಮುಂದೆ ಹೋಗಬೇಡಿ. ನಿಂತು, ಪೂರ್ತಿ ಬೈಸಿಕೊಂಡು, ಆಮೇಲೆ ಓಡಿ. ತಡವಾಗುತ್ತದೆ, ಆಗಲಿ. ಗೇಟು ಹೇಗೂ ತೆಗೆಯುತ್ತಾರೆ.

ನಿಮ್ಮವಳೇ,
ಚಂಪವ್ವ