ಎಡಗಡೆಯ ಪರದೆ

ಅಕ್ಕಾ,

ನೀನು ತೀರಿಕೊಂಡು ವರ್ಷ ತುಂಬುವ ಮೊದಲೇ ನನಗೆ ಸನ್ಮಾನ ಮಾಡಿದರು. ಇವತ್ತು ಸಂಜೆ, ನಮ್ಮ ಹಳೆಯ ರಂಗಮಂದಿರದಲ್ಲೇ. ನಾಟಕದಲ್ಲಿ ಹಾಡಿ ಬೆಳೆದವಳು, ಸಿನಿಮಾಕ್ಕೆ ಹೋದ ಮೇಲೂ ತನ್ನ ಹಾಡು ತಾನೇ ಹಾಡಿದವಳು ಎಂದು ಹೊಗಳಿ ಅಟ್ಟಕ್ಕೇರಿಸಿದರು.

ಆಮೇಲೆ ನಿರೂಪಕಿ ಮೈಕ್ ಕೈಗಿಟ್ಟು, "ಅಮ್ಮಾ, ಎರಡೇ ಎರಡು ಸಾಲು ಹಾಡಿ" ಎಂದಳು.

ದೀಪ ಸಿಡಿದು ನಿನ್ನ ಮುಖ ಸುಟ್ಟ ಮೇಲೆ ನಾಟಕ ಕಂಪನಿಯ ಮಾಲೀಕರು ಒಂದು ಏರ್ಪಾಡು ಮಾಡಿದ್ದರಲ್ಲ: ಮುಖ ನನ್ನದು, ದನಿ ನಿನ್ನದು. "ನೀನು ಮೀನಿನ ಥರ ಬಾಯಿ ಆಡಿಸ್ತಿರೇ, ಹಾಡು ನಾನು ನೋಡ್ಕೋತೀನಿ" ಎಂದು ನಗಿಸಿದವಳು ನೀನೇ. ಎಡಗಡೆಯ ಪರದೆಯ ಹಿಂದೆ ನೀನು ಉಸಿರೆಳೆದುಕೊಳ್ಳುವ ಸದ್ದು ಕೇಳಿದ ಮೇಲೆಯೇ ನಾನು ಬಾಯಿ ತೆರೆಯುತ್ತಿದ್ದೆ. ಸಿನಿಮಾದಲ್ಲೂ ಹಾಡಿದವಳು ನೀನು. ತೆರೆಯ ಮೇಲೆ ಬಂದ ಹೆಸರು ನನ್ನದು.

ಇವತ್ತೂ ಎಡಕ್ಕೆ ತಿರುಗಿ ಕಾದೆ. ಸದ್ದು ಬರಲಿಲ್ಲ. ಬಾಯಿ ತೆರೆಯಲಿಲ್ಲ, ಕಣ್ಣು ತುಂಬಿತು. ಭಾವುಕಳಾದೆ ಎಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಯಾರು ನೆನಪಾದ್ರು ಅಮ್ಮಾ?" ಎಂದಳು ನಿರೂಪಕಿ.

"ನಮ್ಮಕ್ಕ."

"ಅವರೂ ಹಾಡ್ತಿದ್ರಾ?"

ಮೈಕ್ ನನ್ನ ಬಾಯಿಯ ಹತ್ತಿರವೇ ಇತ್ತು.

"ಇಲ್ಲಮ್ಮ, ನನ್ನ ಬಟ್ಟೆ ಇಸ್ತ್ರಿ ಮಾಡ್ಕೊಡ್ತಿದ್ಲು" ಎಂದೆ.

ದನಿ ಒಂಚೂರೂ ನಡುಗಲಿಲ್ಲ, ಅಕ್ಕಾ. ಕಟ್ಟಕಡೆಯ ಬೆಂಚಿನವರಿಗೂ ಕೇಳಿಸಿತು.