ಮೇಷ್ಟ್ರ ನಾಲ್ಕು ಸೆಕೆಂಡು

೧೪, ಮಂಗಳವಾರ

ಎಡಿಟಿಂಗ್ ಸಾಫ್ಟ್‌ವೇರಿನ ಹೊಸ ವರ್ಷನ್ ಇವತ್ತು ನನ್ನ ಮಾನ ಕಳೆಯಿತು. ಹಳೆಯದರಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಇದಕ್ಕೆ ಒಂದು ಕ್ಲಿಕ್ಕು. ಮಾತಿನ ತಡವರಿಕೆಯನ್ನೆಲ್ಲ ತಾನೇ ಕತ್ತರಿಸುತ್ತದೆ. ತೀರಿಕೊಂಡ ಮೇಷ್ಟ್ರೊಬ್ಬರು ಬದುಕಿದ್ದಾಗ ಮಾತಾಡಿದ್ದ ವಿಡಿಯೊಗೂ, ಪೂರ್ತಿ ನೋಡದೆ, ಅದನ್ನೇ ಒತ್ತಿದ್ದೆ.

ಅವರ ಹೆಂಡತಿ ನೋಡಿ, "ಇವರು ಬೇರೆ ಯಾರೋ ಕಣಪ್ಪಾ. ನಮ್ಮನೆಯವರು ನನ್ನ ಹೆಸರನ್ನ ಒಂದೇ ಸಲಕ್ಕೆ ಹೇಳಿದ್ದೇ ಇಲ್ಲ" ಅಂದರು.

ಹೊಸ ವರ್ಷನ್ನಿನಲ್ಲಿ ಮಾಡಿದ ಪ್ರಾಜೆಕ್ಟ್ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ. ಮೂಲ ರೆಕಾರ್ಡಿಂಗ್ ಹಾಕಿಕೊಂಡು ಹಳೆಯದರಲ್ಲೇ ಮೊದಲಿನಿಂದ ಕೂತೆ. ಬೆನ್ನು ಬಿದ್ದುಹೋಗಿದೆ. ಇನ್ನೂ ಅರ್ಧವೂ ಆಗಿಲ್ಲ.

ಹೆಸರಿನ ಮೊದಲಕ್ಷರದಲ್ಲೇ ಮೇಷ್ಟ್ರು ನಾಲ್ಕು ಸೆಕೆಂಡು ಸಿಕ್ಕಿಹಾಕಿಕೊಳ್ಳುತ್ತಾರೆ. ಕ್ಯಾಮೆರಾ ಪಕ್ಕದಲ್ಲಿ ಕೂತ ಹೆಂಡತಿಯ ಕಡೆ ತಿರುಗಿ ನಗುತ್ತಾರೆ. ಆಮೇಲೆ ಹೆಸರು ಬರುತ್ತದೆ. ಆ ನಗುವನ್ನು ನಾನು ಇವತ್ತೇ ನೋಡಿದ್ದು.